ನುಡಿಯ ಲಯಕ್ಕೆ ಒಲಿದ ಸ್ಯಾಕ್ಸೊಫೋನ್

'ಜ್ಯೋತಿ' ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಮೊದಲು ಕಾಣುವುದು ಅಮೆರಿಕದ ಜಾಝ್ ವಾದಕ ಚಾರ್ಲಿ ಮಾರಿಯಾನೋ ಹೆಸರು. ಮೊದಲು ಕೇಳುವುದು ಆರ್.ಎ. ರಮಾಮಣಿಯವರ ಕಂಠ. ಜರ್ಮನಿಯ ಇಸಿಎಂ ಸಂಸ್ಥೆಗಾಗಿ 1983ರಲ್ಲಿ ಮುದ್ರಣಗೊಂಡ ಈ ತಟ್ಟೆಯಲ್ಲಿ ಮಾರಿಯಾನೋ ಜೊತೆಗಿದ್ದವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಕಲಾವಿದರು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಶಾಲೆ ಅದು. ಮೃದಂಗಕ್ಕೆ ಮಣಿಯವರೇ, ಘಟ ಮತ್ತು ಮೋರ್ಸಿಂಗ್‌ಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ಹೆಸರು ಯಾರದು ಮುಂದಿದ್ದರೂ, ಈ ಸಂಗೀತದ ನಡುಗಂಬ ರಮಾಮಣಿ. ನಾಲ್ಕು ದಶಕ ಕಳೆದರೂ ಕೇಳುಗರು ಅದನ್ನು 'ಮಾರಿಯಾನೋ ತಟ್ಟೆ' ಎಂದೇ ಗುರುತಿಸುವುದು ನನಗೆ ನೋವಿನ ಸಂಗತಿ.

ಜಾಝ್ ಮತ್ತು ನಮ್ಮ ಸಂಗೀತದ ಭೇಟಿಯನ್ನು ಹೊಗಳುವವರು ಸಾಮಾನ್ಯವಾಗಿ ರಾಗವನ್ನು ಹಿಡಿದು ಹೊಗಳುತ್ತಾರೆ. ಸ್ಯಾಕ್ಸೊಫೋನ್‌ನಲ್ಲಿ ಗಮಕ ಬಂತು, ತಂಬೂರಿಯ ಮೇಲೆ ವಿದೇಶಿ ವಾದ್ಯ ತೇಲಿತು ಎಂದು. ನನ್ನ ತಕರಾರು ಇಲ್ಲಿಂದಲೇ ಶುರು. ರಾಗದ ಮೆರುಗನ್ನು ಮಾತ್ರ ಕಡ ತಂದ ಮುದ್ರಿಕೆಗಳು ಬೇಗ ಹಳತಾದವು. ಉಳಿದುಕೊಂಡವು ಯಾವುವೆಂದರೆ, ಎರಡು ಸಂಗೀತಗಳು ಬಾಯಿಮಾತಿನಲ್ಲಿ, ಅಕ್ಷರದ ಎಣಿಕೆಯಲ್ಲಿ, ಉಸಿರಿನ ತೂಕದಲ್ಲಿ ಕೂಡಿಕೊಂಡಂಥವು.

ಕೊನ್ನಕೋಲನ್ನೇ ತೆಗೆದುಕೊಳ್ಳಿ. ತಕಿಟ, ತಕಧಿಮಿ, ತಕತಕಿಟ ಎಂದು ಮೂರು, ನಾಲ್ಕು, ಐದರ ಗುಂಪುಗಳನ್ನು ನಾಲಿಗೆಯಲ್ಲಿ ಕೂಡಿಸಿ, ಒಡೆದು, ಕಡೆಗೆ ಸಮಕ್ಕೆ ತಂದು ನಿಲ್ಲಿಸುವ ವಿದ್ಯೆ ಇದು. ಕಛೇರಿಗಳಲ್ಲಿ ತನಿ ಆವರ್ತನದ ಒಂದು ಮೂಲೆಗೆ ಸರಿದಿದ್ದ ಇದನ್ನು ಕಾಲೇಜಿನವರು ವೇದಿಕೆಯ ಮಧ್ಯಕ್ಕೆ ತಂದರು. ಜಾಝ್ ವಾದಕನಿಗೆ ಇದು ಅಪರಿಚಿತವೇನಲ್ಲ. ಮೂವತ್ತೆರಡು ಮಾತ್ರಾಗಣಗಳ ಸುತ್ತೊಂದನ್ನು ಮನಸ್ಸಿನಲ್ಲಿ ಎಣಿಸುತ್ತ, ಅದರೊಳಗೆ ಎಷ್ಟು ದೂರ ಅಲೆದರೂ ಸುತ್ತಿನ ತಲೆಗೆ ಸರಿಯಾಗಿ ಬಂದು ಸೇರುವುದು ಅವನ ದಿನನಿತ್ಯದ ಕೆಲಸ. ನಮ್ಮ ಆವರ್ತನ, ಎತ್ತುಗಡೆ, ಮುಕ್ತಾಯಗಳಿಗೂ ಆ ಸುತ್ತಿಗೂ ಒಳಗೊಳಗೇ ನೆಂಟಸ್ತನವಿದೆ. 'ಜ್ಯೋತಿ'ಯಲ್ಲಿ ಮಾರಿಯಾನೋ ಇದನ್ನು ಅರಿತು ನುಡಿಸಿದ್ದಾರೆ. ರಮಾಮಣಿಯವರ ಸಾಲನ್ನು ನಕಲು ಮಾಡುವ ಚಪಲವಿಲ್ಲ. ಆಕೆ ಬಿಟ್ಟ ಜಾಗದಲ್ಲಿ ಪ್ರವೇಶಿಸಿ, ಸಮಕ್ಕೆ ಮೊದಲೇ ದಾರಿ ಬಿಡುತ್ತಾರೆ. ಇಂಥ ಸಂಯಮ ಸುಲಭಕ್ಕೆ ದಕ್ಕುವುದಲ್ಲ. 1963ರಲ್ಲಿ ಚಾರ್ಲ್ಸ್ ಮಿಂಗಸ್‌ನ ದೊಡ್ಡ ತಂಡದಲ್ಲಿ ಆಲ್ಟೊ ಸ್ಯಾಕ್ಸ್ ಅಳುವಂತೆ, ಚೀರುವಂತೆ ನುಡಿಸಿದ್ದವರೂ ಇವರೇ.

ಅರವತ್ತರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗ ಮಾರಿಯಾನೋ ನಾಗಸ್ವರಕ್ಕೆ ಮನಸೋತು ಅದನ್ನು ಕಲಿತರು. ಬಾಸ್ ವಾದಕ ಎಬರ್‌ಹಾರ್ಡ್ ವೇಬರ್‌ನ 1975ರ ತಟ್ಟೆಯಲ್ಲಿ ನುಡಿಸಿಯೂ ಇದ್ದಾರೆ. 'ಜ್ಯೋತಿ'ಗೆ ಬರುವ ಹೊತ್ತಿಗೆ ನಾಗಸ್ವರವನ್ನು ಬದಿಗಿಟ್ಟು ಸೊಪ್ರಾನೊ ಸ್ಯಾಕ್ಸೊಫೋನ್, ಕೊಳಲು ಹಿಡಿದರು. ಸರಿಯಾದ ನಿರ್ಧಾರ. ಕಲಿತದ್ದು ಉಸಿರಿನಲ್ಲಿ ಇಳಿದಿತ್ತು, ವೇಷ ಬೇಕಿರಲಿಲ್ಲ. ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದ ನಡೆದು ಬಂದವರು ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕದ್ರಿ ಗೋಪಾಲನಾಥ್. ನಾಗಸ್ವರದ ಮನೆತನದ ಹುಡುಗ ಮೈಸೂರು ಅರಮನೆ ಬ್ಯಾಂಡಿನ ಸ್ಯಾಕ್ಸೊಫೋನ್ ಕೇಳಿ ಅದರ ಬೆನ್ನು ಹತ್ತಿದ ಕಥೆ ನಮಗೆಲ್ಲ ಗೊತ್ತು. 1980ರ ಮುಂಬೈ ಜಾಝ್ ಯಾತ್ರಾದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ತಾವೂ ವೇದಿಕೆಯೇರಿ ಜೊತೆಗೂಡಿದರು.

ಕದ್ರಿಯವರ ಒಂದು ಮುದ್ರಿಕೆ ಅಮೆರಿಕದಲ್ಲಿ ಓದುತ್ತಿದ್ದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪನಿಗೆ ಅಣ್ಣನಿಂದ ತಮಾಷೆಯ ಉಡುಗೊರೆಯಾಗಿ ಸಿಕ್ಕಿತು. ಕೇಳಿದವನಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ಕರ್ನಾಟಕದಿಂದ ಹೋಗಿ ಕೊಲರಾಡೊದಲ್ಲಿ ನೆಲೆಸಿದ ಭೌತವಿಜ್ಞಾನಿಯ ಮಗ ರುದ್ರೇಶ್. ಅವರ ಆರಂಭದ ಮುದ್ರಿಕೆಗಳಲ್ಲಿ ಕನ್ನಡ ಕಿವಿ ತಪ್ಪಿಸಿಕೊಳ್ಳಬಾರದ್ದು 2004ರ 'ಮದರ್ ಟಂಗ್'. 'ನೀವು ಇಂಡಿಯನ್ ಮಾತಾಡುತ್ತೀರಾ?' ಎಂದು ಅಮೆರಿಕನ್ನರು ಕೇಳುವ ಪ್ರಶ್ನೆಗೆ ಭಾರತೀಯ ಮೂಲದವರು ತಮ್ಮ ತಮ್ಮ ನುಡಿಯಲ್ಲಿ ಕೊಟ್ಟ ಉತ್ತರಗಳನ್ನು ಮುದ್ರಿಸಿಕೊಂಡು, ಆ ಮಾತಿನ ಏರಿಳಿತವನ್ನೇ ಸ್ವರಕ್ಕಿಳಿಸಿದರು. ತೆಲುಗು, ಕೊಂಕಣಿ, ತಮಿಳು, ಗುಜರಾತಿ, ಮಲಯಾಳಂ ಹೆಸರಿನ ರಚನೆಗಳ ಜೊತೆಗೆ 'ಕನ್ನಡ' ಎಂಬ ಹೆಸರಿನದೂ ಇದೆ. ಅದರಲ್ಲಿ ರಾಗ ಹುಡುಕುವವರು ಬರಿಗೈಯಲ್ಲಿ ಮರಳುತ್ತಾರೆ. ವಾಕ್ಯ ಹುಡುಕಬೇಕು: ಎಲ್ಲಿ ಒತ್ತು ಬಿತ್ತು, ಎಲ್ಲಿ ಮಾತು ಓಡಿತು, ಎಲ್ಲಿ ತಡೆಯಿತು ಎಂದು. ವಿಜಯ್ ಅಯ್ಯರ್‌ರ ಪಿಯಾನೋ, ಫ್ರಾಂಸ್ವಾ ಮೂತಾಂ ಬಾಸ್, ಎಲಿಯಟ್ ಉಂಬೆರ್ತೊ ಕವಿ ಡ್ರಮ್ಸ್ ಆ ವಾಕ್ಯಕ್ಕೆ ಕೆಲವೊಮ್ಮೆ ಉಸಿರಾಡಲೂ ಎಡೆಗೊಡುವುದಿಲ್ಲ. ಇದು ಈ ಮುದ್ರಿಕೆಯ ನಿಜವಾದ ದೋಷ: ಎಲ್ಲರೂ ಬಹಳ ಜಾಣರು, ಎಲ್ಲರೂ ಏಕಕಾಲಕ್ಕೆ. ಆದರೂ ವಲಸೆಯ ಅವಮಾನವೊಂದನ್ನು ಅಳಲಿಗೆ ತಿರುಗಿಸದೆ ಕಟ್ಟಡದ ಕಲ್ಲಾಗಿಸಿದ ಧೈರ್ಯಕ್ಕೆ ನಾನು ಬಾಗುತ್ತೇನೆ.

2008ರ 'ಕಿನ್ಸ್‌ಮೆನ್'ನಲ್ಲಿ ರುದ್ರೇಶ್ ಮತ್ತು ಕದ್ರಿ ಮುಖಾಮುಖಿಯಾದರು. ಎರಡೂ ಆಲ್ಟೊ ಸ್ಯಾಕ್ಸೊಫೋನ್. ಸ್ವರದಿಂದ ಸ್ವರಕ್ಕೆ ಜಾರುತ್ತ, ನಡುವಿನ ದಾರಿಯಲ್ಲೇ ರಸ ತೆಗೆಯುವವರು ಕದ್ರಿ. ಪ್ರತಿ ಸ್ವರಕ್ಕೂ ಅಂಚು ಕಡೆದು ನಿಲ್ಲಿಸುವವರು ರುದ್ರೇಶ್. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ ಇವರಿಬ್ಬರನ್ನೂ ಒಂದೇ ನೆಲದ ಮೇಲೆ ಇಡುತ್ತವೆ. ಹೊಸ ಕೇಳುಗರು ಇಲ್ಲಿಂದ ಆರಂಭಿಸಿ ಹಿಂದಕ್ಕೆ ಹೋಗುವುದೇ ವಾಸಿ.

ಇಷ್ಟೆಲ್ಲ ಮೆಚ್ಚಿದ ಮೇಲೂ ಈ ಪರಂಪರೆಯ ಬಗ್ಗೆ ಒಂದು ಗಟ್ಟಿ ಅಸಮಾಧಾನ ಉಳಿಯುತ್ತದೆ. ಅದರ ಲಯವೆಲ್ಲ ಕಛೇರಿಯಿಂದ ಬಂದದ್ದು, ಹಳ್ಳಿಯಿಂದಲ್ಲ. ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದರೆ ರಾಮನಗರದ ಬಳಿ ಜಾನಪದ ಲೋಕ ಸಿಗುತ್ತದೆ; ಎಚ್.ಎಲ್. ನಾಗೇಗೌಡರು ಹಳ್ಳಿಯ ವಾದ್ಯಗಳನ್ನು, ಹಾಡುಗಳನ್ನು ಕಾಪಿಟ್ಟ ಜಾಗ. ಕನಕಪುರ, ಮಾಗಡಿ, ಚನ್ನಪಟ್ಟಣದ ಜಾತ್ರೆಗಳಲ್ಲಿ ಪೂಜಾ ಕುಣಿತದವರು ತಲೆಯ ಮೇಲೆ ಬಿದಿರಿನ ಪೂಜೆ ಹೊತ್ತು ಕೈ ಬಿಟ್ಟು ಕುಣಿಯುವಾಗ ತಮಟೆಯವರು ಕುಣಿಯುವವನ ಕಾಲನ್ನೇ ನೋಡುತ್ತ ಪೆಟ್ಟು ಬದಲಿಸುತ್ತಾರೆ. ಅಲ್ಲಿ ಎಣಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊತ್ತ ಭಾರ ಎತ್ತ ವಾಲಿತೋ ಲಯ ಅತ್ತ ಹೊರಳುತ್ತದೆ. ಎದುರಿನವನನ್ನು ನೋಡಿ ಆ ಕ್ಷಣಕ್ಕೆ ತಿರುಗಿಸುವ ಈ ಗುಣಕ್ಕೆ ಜಾಝ್ ಜೊತೆಗಿನ ಸಂಬಂಧ ತನಿ ಆವರ್ತನಕ್ಕಿಂತ ಹತ್ತಿರದ್ದು. 'ಜ್ಯೋತಿ'ಯಲ್ಲಿ ತಮಟೆ ಇಲ್ಲ, 'ಕಿನ್ಸ್‌ಮೆನ್'ನಲ್ಲೂ ಇಲ್ಲ. 'ಜ್ಯೋತಿ'ಗಾಗಿ ಮೃದಂಗವನ್ನು ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನ ಧ್ವನಿಮುದ್ರಣಾಲಯದವರೆಗೆ ಒಯ್ದ ಶಾಲೆಗೆ ತಮಟೆಯ ಕೇರಿ ಒಂದು ಗಂಟೆಯ ದಾರಿಯಲ್ಲೇ ಇತ್ತು.