ಬಳುಕುವ ಮೆಟ್ಟಿಲಿನ ಬೇರು

ಅಡಿಕೆಗೆ ರೇಟು ಬಂದ ವರ್ಷಗಳ ಗುರುತು ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಹೊಸ ಮನೆಗಳ ಹಾಲ್‌ನಲ್ಲಿ ಸಿಗುತ್ತದೆ. ಬಾಗಿಲು ತೆರೆದೊಡನೆ ಎದುರಿಗೆ ಬಿಳಿ ಅಮೃತಶಿಲೆಯ ಮೆಟ್ಟಿಲು ಕಾಣಬೇಕು, ಅದೂ ನೆಟ್ಟಗಲ್ಲ, ಬಳುಕಿಕೊಂಡು ಮೇಲಕ್ಕೆ ಹೋಗಬೇಕು. ಇದನ್ನು ಶೋಕಿ ಎಂದು ಹಂಗಿಸುವವರ ಗುಂಪಿಗೆ ನಾನು ಸೇರುವುದಿಲ್ಲ. ತೋಟದಲ್ಲಿ ಮೈಮುರಿದು ದುಡಿದವರು ಮನೆಯೊಳಗೆ ಒಂದು ಚೆಂದದ ವಸ್ತು ಬಯಸಿದರೆ ತಪ್ಪೇನು? ನನ್ನ ತಕರಾರು ಕೆಲಸದ ಸರದಿಯದು. ಮೊದಲು ರಾಜಸ್ಥಾನದ ಕಿಶನ್‌ಗಢದಿಂದ ಕಲ್ಲು ಬಂದು ಇಳಿಯುತ್ತದೆ, ಮೆಟ್ಟಿಲನ್ನು ಎಲ್ಲಿ ಕಚ್ಚಿಸುವುದೆಂದು ಮೇಸ್ತ್ರಿ ಆಮೇಲೆ ತಲೆ ಕೆರೆದುಕೊಳ್ಳುತ್ತಾನೆ. ಬಾಗಿದ ಮೆಟ್ಟಿಲಿನ ಅಂದ, ಆಯುಷ್ಯ ಎರಡೂ ನಿರ್ಧಾರವಾಗುವುದು ಕಲ್ಲು ಬರುವ ಎಷ್ಟೋ ಮೊದಲು, ಕಾಲಿಡುವ ಗೆರೆಯಲ್ಲಿ ಮತ್ತು ಕಣ್ಣಿಗೆ ಕಾಣದ ಕಬ್ಬಿಣದಲ್ಲಿ.

ಕಲ್ಲನ್ನು ಗಾಳಿಯಲ್ಲಿ ನಿಲ್ಲಿಸುವ ವಿದ್ಯೆ ನಮಗೆ ಹೊಸದಲ್ಲ. ಬಯಲುಸೀಮೆಯ ಹಳೆಯ ದುಂಡು ಬಾವಿಗಳ ಬಗ್ಗೆ ಜಗಳೂರು ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಬಾವಿಯ ಗೋಡೆ ಕಟ್ಟುವಾಗಲೇ ಉದ್ದನೆಯ ಚಪ್ಪಡಿಗಳನ್ನು ಅದರೊಳಗೆ ಹುಗಿದು, ತುದಿಯನ್ನಷ್ಟೇ ಹೊರಗೆ ಚಾಚಿಸಿ, ಒಂದಕ್ಕಿಂತ ಒಂದು ಕೆಳಗೆ ಸುತ್ತಿಸಿಕೊಂಡು ಹೋಗುತ್ತಿದ್ದರು. ನೀರು ತುಂಬಿದ ಕೊಡ ಹೊತ್ತವರು ಆ ತುದಿಗಳ ಮೇಲೆ ಹತ್ತಿ ಬರುತ್ತಿದ್ದರು. ಮೇಲಿನ ಗೋಡೆಯ ಭಾರ ಚಪ್ಪಡಿಯ ಬುಡವನ್ನು ಅದುಮಿ ಹಿಡಿದಿದ್ದರಿಂದ ತುದಿ ಬಾಗುತ್ತಿರಲಿಲ್ಲ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿರುವ 16ನೇ ಶತಮಾನದ ಪುಷ್ಕರಣಿಯ ಲೆಕ್ಕ ಬೇರೆ. ಅಲ್ಲಿ ಪ್ರತಿ ಮೆಟ್ಟಿಲಿಗೂ ಹಿಂದಿನ ನೆಲವೇ ಆಸರೆ. ನೆಲ ಹೊರಬೇಕು, ಇಲ್ಲವೇ ಗೋಡೆ ಹಿಡಿಯಬೇಕು. ಎರಡೂ ಇಲ್ಲದ ಕಲ್ಲು ಇವತ್ತಲ್ಲ ನಾಳೆ ಬೀಳುತ್ತದೆ.

ಹಾಗಾದರೆ ಕಂಬವಿಲ್ಲದೆ ಸುತ್ತುವ ಕಲ್ಲಿನ ಮೆಟ್ಟಿಲುಗಳು ಯುರೋಪಿನಲ್ಲಿ ನಿಂತಿಲ್ಲವೇ, ಎಂದು ಕೇಳಬಹುದು. ನಿಂತಿವೆ. ಲಂಡನ್ನಿನ ಗ್ರೀನಿಚ್‌ನಲ್ಲಿರುವ ಕ್ವೀನ್ಸ್ ಹೌಸ್‌ನ ಟುಲಿಪ್ ಮೆಟ್ಟಿಲು 17ನೇ ಶತಮಾನದ್ದು. ಅಲ್ಲಿ ಪ್ರತಿ ಕಲ್ಲಿನ ಒಂದು ತುದಿ ಗೋಡೆಯೊಳಗಿದೆ, ಅಂಚು ಕೆಳಗಿನ ಕಲ್ಲಿನ ಮೇಲೆ ಕೂತಿದೆ. ಭಾರ ಕಲ್ಲಿನಿಂದ ಕಲ್ಲಿಗೆ ಇಳಿದು ನೆಲ ಸೇರುತ್ತದೆ, ಕಲ್ಲು ಹೊರಳದಂತೆ ದಪ್ಪ ಗೋಡೆ ಹಿಡಿದುಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಪಿಲ್ಲರ್‌ಗಳ ನಡುವೆ ತುಂಬಿದ ಆರಿಂಚಿನ ಬ್ಲಾಕ್ ಗೋಡೆಗೆ ಆ ಹಿಡಿತ ಎಲ್ಲಿಂದ ಬರಬೇಕು? ಮೇಲಾಗಿ ನಮಗೆ ಸಿಗುವುದು 20 ಮಿ.ಮೀ. ಹಲಗೆ. ಗಡಸುತನದ ಮಾಪಕದಲ್ಲಿ ಗ್ರಾನೈಟ್ 6ರ ಆಚೆ ಇದ್ದರೆ ಅಮೃತಶಿಲೆ 3ರ ಆಸುಪಾಸು. ಯಾವ ಗೆರೆಗಳನ್ನು ನೋಡಿ ಮರುಳಾಗುತ್ತೇವೋ ಎಷ್ಟೋ ಸಲ ಅದೇ ಗೆರೆಯಲ್ಲಿ ಹಲಗೆ ಸೀಳುತ್ತದೆ. ಹೊರುವ ಕೆಲಸವನ್ನು ಕಾಂಕ್ರೀಟಿಗೆ ಬಿಟ್ಟು, ಇದನ್ನು ಹೊದಿಕೆಯಾಗಿ ಇಟ್ಟುಕೊಳ್ಳುವುದೇ ಸರಿ.

ಈಗ ಕಾಲಿಡುವ ಗೆರೆಯ ಮಾತು. ನೆಲದಿಂದ ನೆಲಕ್ಕೆ 11 ಅಡಿ ಎತ್ತರವೆಂದುಕೊಳ್ಳಿ. ಬೆಸ ಸಂಖ್ಯೆಯೇ ಆಗಬೇಕೆಂದು ವಾಸ್ತುವಿನವರು ಹಟ ಹಿಡಿಯುತ್ತಾರೆ, ಹಿಡಿಯಲಿ. 21 ಏರು ಇಟ್ಟರೆ ಒಂದೊಂದು ಏರಿನ ಎತ್ತರ, ಅಂದರೆ ರೈಸರ್, ಆರೂಕಾಲು ಇಂಚು ಚಿಲ್ಲರೆ; ಕಾಲಿಡುವ ಹಾಸು, ಅಂದರೆ ಟ್ರೆಡ್, ಒಟ್ಟು 20. ನಾಲ್ಕಡಿ ಅಗಲದ ಮೆಟ್ಟಿಲನ್ನು ಅರ್ಧ ವೃತ್ತಕ್ಕೆ ಸುತ್ತಿಸಿ, ನಟ್ಟನಡುವಿನ ಕಾಲುಗೆರೆಯ ತ್ರಿಜ್ಯ ಆರಡಿ ಹಿಡಿದರೆ, ಅಲ್ಲಿ ಟ್ರೆಡ್ ಹನ್ನೊಂದೂಕಾಲು ಇಂಚು ಸಿಗುತ್ತದೆ. ಎರಡು ರೈಸರ್, ಒಂದು ಟ್ರೆಡ್ ಕೂಡಿದರೆ ಸುಮಾರು 24 ಇಂಚು, ಮನುಷ್ಯನ ಹೆಜ್ಜೆಗೆ ಹಿತವಾದ ಅಳತೆ. ಒಳ ಅಂಚಿನಲ್ಲಿ ಏಳೂವರೆ, ಹೊರ ಅಂಚಿನಲ್ಲಿ ಹದಿನೈದು. ಇದಕ್ಕೆ ಹಾಲ್‌ನಲ್ಲಿ 16 ಅಡಿ ಅಗಲ ಬಿಟ್ಟುಕೊಡಬೇಕು. ಅಷ್ಟು ಜಾಗವಿಲ್ಲವೆಂದು ಒಳ ತ್ರಿಜ್ಯವನ್ನು ಒಂದಡಿಗೆ ಹಿಂಡಿದರೆ ಒಳ ಅಂಚಿನ ಟ್ರೆಡ್ ಎರಡಿಂಚೂ ಉಳಿಯುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಯ ಮೆಟ್ಟಿಲಿಗೆ ಹೇಳುವುದು ಕನಿಷ್ಠ 250 ಮಿ.ಮೀ. ಟ್ರೆಡ್, ಗರಿಷ್ಠ 190 ಮಿ.ಮೀ. ರೈಸರ್. ಜಾಗವಿಲ್ಲದವರು ನೇರ ಮೆಟ್ಟಿಲು ಕಟ್ಟಿಸಲಿ, ಅದರಲ್ಲಿ ಅವಮಾನವೇನಿಲ್ಲ.

ಇನ್ನು ಕಾಣದ ಕಬ್ಬಿಣ. ನೇರ ಸ್ಲ್ಯಾಬ್ ಭಾರಕ್ಕೆ ಬಗ್ಗುತ್ತದೆ, ಅಷ್ಟೇ. ಬಾಗಿದ್ದು ಬಗ್ಗುವುದರ ಜೊತೆಗೆ ಹಿಂಡಿದ ಒದ್ದೆ ಪಂಚೆಯಂತೆ ತಿರುಚಿಕೊಳ್ಳುತ್ತದೆ. ಎರಡು ತುದಿಗಳನ್ನು ಸೇರಿಸುವ ಗೆರೆಗಿಂತ ಅದರ ಹೊಟ್ಟೆ ಹೊರಗೆ ಜೋತಿರುವುದೇ ಕಾರಣ. ಆದ್ದರಿಂದ ಕಂಬಿ ಕೆಳಗೆ ಮಾತ್ರವಲ್ಲ, ಮೇಲೂ ಬೇಕು, ಸುತ್ತ ಮುಚ್ಚಿದ ರಿಂಗ್ ಬೇಕು. ಮೇಲಿನ ತುದಿಯ ಕಂಬಿಗಳು ಬೀಮಿನ ಕಾಂಕ್ರೀಟ್ ಸುರಿಯುವ ಮೊದಲೇ ಅದರೊಳಗೆ ಕೊಕ್ಕೆ ಹಾಕಿ ಕೂತಿರಬೇಕು. ಆಮೇಲೆ ರಂಧ್ರ ಕೊರೆದು ಕೆಮಿಕಲ್ ತುಂಬಿ ಕಂಬಿ ನೆಡುವುದು ಮರೆವಿಗೆ ಮದ್ದು, ಪದ್ಧತಿಯಲ್ಲ. ಕೆಳತುದಿಗೆ ಪಾಯವೇ ಬೇಕು. ಎರೆಮಣ್ಣಿನ ಜಾಗದಲ್ಲಿ ಮೊದಲ ಮೆಟ್ಟಿಲನ್ನು ಬರೀ ಬೆಡ್ಡಿನ ಮೇಲೆ ಕೂರಿಸಿದರೆ ಮಣ್ಣು ಉಬ್ಬಿ ಇಳಿದಂತೆಲ್ಲ ಇಡೀ ಮೆಟ್ಟಿಲು ಅಲುಗುತ್ತದೆ. ಎಂಜಿನಿಯರ್‌ಗೆ ಕೊಡುವ ಫೀಜಿನಲ್ಲಿ ಚೌಕಾಸಿ ಮಾಡಿ ಇಟಲಿಯ ಕಲ್ಲಿಗೆ ಸುರಿಯುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ.

ಕಲ್ಲು ಕೂರಿಸುವುದು ಸೆಂಟ್ರಿಂಗ್ ಬಿಚ್ಚಿ, ಸ್ಲ್ಯಾಬ್ ತನ್ನ ಭಾರಕ್ಕೆ ತಾನು ಇಳಿದು ನಿಂತ ಮೇಲೆ. ಪ್ರತಿ ಮೆಟ್ಟಿಲಿಗೂ ಪ್ಲೈವುಡ್ಡಿನ ಅಚ್ಚು ತೆಗೆಯಬೇಕು, ಏಕೆಂದರೆ ಡ್ರಾಯಿಂಗಿನಲ್ಲಿ ಇಪ್ಪತ್ತೂ ಒಂದೇ, ಕಾಂಕ್ರೀಟಿನಲ್ಲಿ ಒಂದೊಂದೂ ಒಂದೊಂದು ಥರ. ಬಿಳಿ ಕಲ್ಲಿನ ಕೆಳಗೆ ಬೂದು ಸಿಮೆಂಟ್ ಹಾಕಿದರೆ ನೆರಳು ಮೇಲೆ ಮೂಡುತ್ತದೆ, ಬಿಳಿ ಅಂಟೇ ಬೇಕು. ಕೂತ ಮೇಲೆ ನಾಣ್ಯದಿಂದ ತಟ್ಟುತ್ತ ಹೋಗಿ: ಟಣ್ ಅಂದರೆ ತುಂಬಿದೆ, ಡಬ್ ಅಂದರೆ ಪೊಳ್ಳು, ಒಡೆಯುವುದು ಅಲ್ಲೇ. ರೇಲಿಂಗಿನ ಕಂಬದ ಬೋಲ್ಟು ಕಲ್ಲನ್ನು ಮುಟ್ಟದೆ ದಾಟಿ ಕಾಂಕ್ರೀಟಿಗೆ ಇಳಿಯಬೇಕು, ಕಲ್ಲಿನ ತೂತು ಬೋಲ್ಟಿಗಿಂತ ಸಡಿಲವಿರಬೇಕು. ಇಲ್ಲವಾದರೆ ಕೈಯೂರಿದಾಗೆಲ್ಲ ಬೋಲ್ಟು ಕಲ್ಲಿನ ಅಂಚನ್ನು ಮೀಟುತ್ತಿರುತ್ತದೆ.

ಒಳಗೆಲ್ಲ ಕಾಂಕ್ರೀಟ್, ಮೇಲೆ ಅಮೃತಶಿಲೆ ಎಂದರೆ ಮೋಸವಲ್ಲವೇ, ಎನ್ನುವವರಿದ್ದಾರೆ. ಹೊದಿಕೆ ಹೊದಿಕೆಯಂತೆ ಕಂಡರೆ ಮೋಸವಿಲ್ಲ. ಅಂಚಿಗೆ ಪಟ್ಟಿ ಅಂಟಿಸಿ ಎರಡಿಂಚಿನ ದಪ್ಪ ಕಲ್ಲೆಂದು ನಂಬಿಸುತ್ತಾರಲ್ಲ, ನನಗೆ ಸೇರದ್ದು ಅದು. ಇನ್ನು ನಮ್ಮ ಮನೆಗಳ ಬಳಕೆಯನ್ನು ನೋಡಿದರೆ ಕಾಲಿಡುವ ಟ್ರೆಡ್ಡಿಗೆ ಪಾಲಿಶ್ ಮಾಡದ ಗ್ರಾನೈಟ್, ನಿಂತಿರುವ ರೈಸರಿಗೆ ಅಮೃತಶಿಲೆ ಎಂದೇ ನಾನು ಹೇಳುವುದು. ಬಾಗಿಲಿನಿಂದ ನೋಡುವವರ ಕಣ್ಣಿಗೆ ಹೆಚ್ಚಾಗಿ ಬೀಳುವುದು ರೈಸರ್‌ಗಳೇ, ಬಿಳುಪಿಗೆ ಕೊರತೆಯಾಗುವುದಿಲ್ಲ. ಎಲೆಯಡಿಕೆಯ ಕೆಂಪು, ಕುಂಕುಮ, ಅರಿಸಿನ ಬೀಳುವುದು ಟ್ರೆಡ್ಡಿನ ಮೇಲೆ. ಗೃಹಪ್ರವೇಶದ ದಿನ ಮೊದಲ ಮೆಟ್ಟಿಲ ಮೇಲೆ ಯಾರೋ ಹೆಚ್ಚಿಟ್ಟ ನಿಂಬೆಹಣ್ಣು ಗ್ರಾನೈಟಿಗೆ ಏನೂ ಮಾಡದು. ಅಮೃತಶಿಲೆಯಾಗಿದ್ದರೆ ರಸ ಇಳಿದಷ್ಟು ಜಾಗ ಸಂಜೆಯೊಳಗೆ ಹೊಳಪು ಕಳೆದುಕೊಂಡು ಬಿಲ್ಲೆಯಗಲ ಮಸುಕಾಗಿರುತ್ತದೆ.