ಡರ್ಖೈಮನ ಧರ್ಮವಿಚಾರ

ಭಕ್ತರನ್ನೂ ನಾಸ್ತಿಕರನ್ನೂ ಒಟ್ಟಿಗೇ ಮುನಿಸಬಲ್ಲ ಗ್ರಂಥಗಳು ವಿರಳ. ಫ್ರಾನ್ಸ್ ದೇಶದ ಸಮಾಜಶಾಸ್ತ್ರಜ್ಞನಾದ ಎಮಿಲ್ ಡರ್ಖೈಮನು ಧರ್ಮಜೀವನದ ಮೂಲರೂಪಗಳನ್ನು ಕುರಿತು ೧೯೧೨ರಲ್ಲಿ ಪ್ರಕಟಿಸಿದ ಗ್ರಂಥವು ಅಂಥವುಗಳಲ್ಲೊಂದು. ಧರ್ಮವು ಬರಿಯ ಭ್ರಾಂತಿಯಾಗಿದ್ದರೆ ಇಷ್ಟು ಕಾಲ ಬಾಳುತ್ತಿರಲಿಲ್ಲವೆಂದು ನಾಸ್ತಿಕರಿಗೆ ಹೇಳಿದ ಅವನೇ, ನೀವು ಕೈಮುಗಿಯುತ್ತಿರುವುದು ನಿಮ್ಮ ಸಮಾಜಕ್ಕೇ ಎಂದು ಭಕ್ತರಿಗೂ ಹೇಳಿದನು.

ಅವನು ಹಿಡಿದ ಪ್ರಶ್ನೆಯಾದರೋ ದೊಡ್ಡದು. ಜನರು ಪರಸ್ಪರ ಲಾಭಕ್ಕಾಗಿ ಒಪ್ಪಂದ ಮಾಡಿಕೊಂಡು ಕೂಡಿ ಬಾಳುತ್ತಾರೆಂಬ ವಾದವು ಸಾಲದೆಂದು, ೧೮೯೩ರಲ್ಲಿ ಬರೆದ ಶ್ರಮವಿಭಾಗದ ಗ್ರಂಥದಲ್ಲಿಯೇ ಅವನು ತೋರಿಸಿದ್ದನು. ಕೊಟ್ಟ ಮಾತನ್ನು ಮುರಿಯಬಾರದೆಂಬ ನಂಬಿಕೆಯು ಒಪ್ಪಂದದಿಂದ ಹುಟ್ಟುವುದಲ್ಲ. ಒಪ್ಪಂದಕ್ಕಿಂತ ಮೊದಲೇ ಇರತಕ್ಕದ್ದು. ಅದು ಎಲ್ಲಿಂದ ಬಂದಿತು? ಉತ್ತರವನ್ನು ಅರಸುತ್ತ ಅವನು ಮಧ್ಯ ಆಸ್ಟ್ರೇಲಿಯದ ಅರುಂಟ ಜನರ ಬಳಿಗೆ ಹೋದನು. ಬೇಟೆಗಾಗಿಯೂ ಗೆಡ್ಡೆಗೆಣಸಿಗಾಗಿಯೂ ಸಣ್ಣ ಗುಂಪುಗಳಾಗಿ ಚದುರಿರುವ ಈ ಜನರು ಆಗಾಗ ಒಂದೆಡೆ ನೆರೆಯುತ್ತಾರೆ. ಹಾಡು ಕುಣಿತಗಳಿಂದ ಆವೇಶವೇರುತ್ತದೆ. ತನ್ನೊಬ್ಬನಲ್ಲಿ ಇಲ್ಲದ ಶಕ್ತಿಯೊಂದು ಮೈದುಂಬಿತೆಂದು ಪ್ರತಿಯೊಬ್ಬನಿಗೂ ತೋರುತ್ತದೆ. ಆ ಶಕ್ತಿಯನ್ನು ಅವನು ತನ್ನ ಕುಲದ ಚಿಹ್ನೆಯಾದ ಪ್ರಾಣಿಯಲ್ಲಿ, 'ಚುರಿಂಗ'ವೆಂಬ ಕೆತ್ತಿದ ಕಲ್ಲುಮರಗಳಲ್ಲಿ ಕಾಣುತ್ತಾನೆ. ಶಕ್ತಿಯು ನಿಜವಾದುದೇ, ಅದು ನೆರೆದ ಜನರದೇ ಎಂಬುದು ಮಾತ್ರ ಅವನಿಗೆ ತಿಳಿಯದು. ಡರ್ಖೈಮನು ಆಸ್ಟ್ರೇಲಿಯವನ್ನು ಕಣ್ಣಿನಿಂದ ಕಂಡವನಲ್ಲ. ಸ್ಪೆನ್ಸರ್, ಗಿಲೆನ್ ಮೊದಲಾದವರ ವರದಿಗಳನ್ನೇ ನಂಬಿದವನು. ಇದು ದೋಷವೇ ಸರಿ. ಆದರೂ ಲೋಕವನ್ನು ಪುಸ್ತಕಗಳಲ್ಲಿ ಕಾಣುವ ನಮ್ಮಂಥವರು ಆ ಕಲ್ಲನ್ನು ಎತ್ತದಿರುವುದೇ ಮೇಲು.

ಈ ಸಿದ್ಧಾಂತವು ನಮ್ಮ ನಾಡಿನಲ್ಲಿಯೂ ಪರೀಕ್ಷೆಗೆ ಬಂದಿತು. ಮೈಸೂರಿನಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸರು ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನರಿಂದ ಪಾಠ ಹೇಳಿಸಿಕೊಂಡವರು. ಡರ್ಖೈಮನ ವಿಚಾರವು ಆ ಗುರುವಿನ ಮೂಲಕ ಅವರಿಗೆ ಇಳಿದು ಬಂದಿತು. ಕೊಡಗರ ಧರ್ಮ ಮತ್ತು ಸಮಾಜಗಳನ್ನು ಕುರಿತ ಅವರ ಗ್ರಂಥವು ೧೯೫೨ರಲ್ಲಿ ಹೊರಬಂದಿತು. ಹಿರಿಯರ ಆರಾಧನೆಯು ಒಕ್ಕವನ್ನು ಕಟ್ಟುತ್ತದೆ. ಊರಿನ ಹಬ್ಬವು ಜಾತಿಗಳ ಮೇರೆಯನ್ನು ದಾಟಿ ಊರನ್ನು ಕಟ್ಟುತ್ತದೆ. ಇವೆಲ್ಲವನ್ನೂ ಅವರು ಬಿಡಿಸಿ ತೋರಿಸುವ ಬಗೆ ಬಹಳ ಸೊಗಸಾದುದು. ಡರ್ಖೈಮನಲ್ಲಿ ಕಾಣದ ಊರು, ಮನೆ, ಅಂಗಳಗಳು ಇಲ್ಲಿ ಕಾಣುತ್ತವೆ.

ಆದರೆ ನಮ್ಮ ಸಂದೇಹವು ಮೊಳೆಯುವುದೂ ಇಲ್ಲಿಯೇ. ಹಬ್ಬಕ್ಕೆ ಮೇದನ ವಾದ್ಯವು ಬೇಕು. ಆದರೆ ಅದನ್ನು ನುಡಿಸುವವನು ನಿಲ್ಲಬೇಕಾದ ಸ್ಥಳವೂ ಆ ಹಬ್ಬದಲ್ಲಿಯೇ ಗೊತ್ತಾಗುತ್ತದೆ. ಕೂಡಿಸುವ ಆಚರಣೆಯೇ ಮಡಿಮೈಲಿಗೆಗಳ ಗೆರೆಯನ್ನೂ ಎಳೆಯುತ್ತದೆ. ಗೆರೆಯ ಎರಡು ಕಡೆ ನಿಂತವರಿಗೂ ಈ ಒಗ್ಗಟ್ಟು ಒಂದೇ ಆಗಿ ತೋರೀತೇ? ೧೯೨೭ರಲ್ಲಿ ಮಹಾಡಿನ ಚವದಾರ್ ಕೆರೆಯ ನೀರನ್ನು ಡಾಕ್ಟರ್ ಅಂಬೇಡ್ಕರರೂ ಅವರೊಡನೆ ಬಂದವರೂ ಮುಟ್ಟಿದ ತರುವಾಯ, ಸವರ್ಣೀಯರು ಕೆರೆಗೆ ಶುದ್ಧಿಯನ್ನು ಮಾಡಿಸಿದರು. ಪವಿತ್ರವಾದುದನ್ನು ಸಮಾಜವು ಹೇಗೆ ಕಾಯುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಡ. ಸಿದ್ಧಾಂತವು ಶುದ್ಧಿಯನ್ನು ಚೆನ್ನಾಗಿ ವಿವರಿಸುತ್ತದೆ. ಕೆರೆಗೆ ಇಳಿದವರ ವಿಷಯದಲ್ಲಿ ತಡವರಿಸುತ್ತದೆ. ವ್ಯವಸ್ಥೆಯೇ ಸಮಾಜವಾದರೆ, ಅದನ್ನು ಕದಲಿಸಿದವರು ಯಾರು?

ಶಿಷ್ಯಪರಂಪರೆಯು ಮರೆತ ಉತ್ತರವೊಂದು ಡರ್ಖೈಮನಲ್ಲಿಯೇ ಇದೆ. ಡ್ರೇಫಸ್ ಎಂಬ ಯೆಹೂದಿ ಸೇನಾಧಿಕಾರಿಗೆ ದೇಶದ್ರೋಹದ ಸುಳ್ಳು ಆಪಾದನೆಯಿಂದ ಶಿಕ್ಷೆಯಾಗಿ, ಒಬ್ಬನಿಗಾಗಿ ಸೈನ್ಯದ ಗೌರವವನ್ನು ಕೆಡಿಸಬಾರದೆಂದು ಹಲವರು ಕೂಗುತ್ತಿದ್ದಾಗ, ೧೮೯೮ರಲ್ಲಿ ಅವನು ಒಂದು ಪತ್ರಿಕಾಲೇಖನವನ್ನು ಬರೆದನು. ಆಧುನಿಕ ಸಮಾಜದಲ್ಲಿ ಪವಿತ್ರವಾಗಿ ಉಳಿದುದು ಮನುಷ್ಯವ್ಯಕ್ತಿಯೇ. ಅವನ ಹಕ್ಕನ್ನು ತುಳಿಯುವ ಸಮಾಜವು ತನ್ನ ಧರ್ಮವನ್ನೇ ತುಳಿಯುತ್ತದೆಂಬುದು ಅದರ ತಾತ್ಪರ್ಯ. ಈ ಮಾತಿನಿಂದ ಮಹಾಡಿನ ಕೆರೆಗೆ ಇಳಿದವರನ್ನು ಅರಿಯಬಹುದು. ಹಬ್ಬದ ಒಗ್ಗಟ್ಟಿನ ಮಾತಿನಿಂದ ಆಗದು. ೧೯೧೨ರ ದೊಡ್ಡ ಗ್ರಂಥವನ್ನು ಕೈಗೆತ್ತಿಕೊಳ್ಳುವ ವಾಚಕರು ಈ ಚಿಕ್ಕ ಲೇಖನವನ್ನು ಮೊದಲು ಓದುವುದು ಒಳ್ಳೆಯದು.