ಚಟವನ್ನು ಬೇಡಿದ ಜೋಳಿಗೆ

ನಮ್ಮ ಸೀಮೆಯ ಹೊಸ್ತಿಲುಗಳಿಗೆ ಜಂಗಮನ ಜೋಳಿಗೆ ಹೊಸದಲ್ಲ. ಒಂದು ಬೊಗಸೆ ಜೋಳವೋ, ಎರಡು ರೊಟ್ಟಿಯೋ, ಹಿಡಿ ಅಕ್ಕಿಯೋ ಅದರಲ್ಲಿ ಬಿದ್ದೊಡನೆ ಕೊಟ್ಟವನಿಗೆ ಪುಣ್ಯವೂ ಬೇಡಿದವನಿಗೆ ಆಹಾರವೂ ದೊರಕಿ ಆ ದಿನದ ವ್ಯವಹಾರವು ಮುಗಿಯುತ್ತಿದ್ದಿತು. 1975ರಲ್ಲಿ ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು ಅದೇ ಜೋಳಿಗೆಯನ್ನು ಹೆಗಲಿಗೇರಿಸಿ, ಕಾಳುಕಡಿಯನ್ನು ಕೇಳದೆ, ಮನೆಯವನ ಕುಡಿತವನ್ನೂ ಬೀಡಿಯನ್ನೂ ತಂಬಾಕನ್ನೂ ಜೂಜನ್ನೂ ಭಿಕ್ಷೆಯಾಗಿ ಬೇಡತೊಡಗಿದರು. ಭಕ್ತರು ‘ಮಹಾಂತ ಜೋಳಿಗೆ’ಯೆಂದು ಕರೆದ ಈ ಆಚರಣೆಯನ್ನು ಕೊಂಡಾಡುವವರು ಸಾಮಾನ್ಯವಾಗಿ ಎಷ್ಟು ಜನ ಚಟವನ್ನು ಬಿಟ್ಟರೆಂಬ ಲೆಕ್ಕವನ್ನು ಹೇಳುತ್ತಾರೆ, ಹಳಿಯುವವರು ಎಷ್ಟು ಜನ ಮರಳಿ ಹಿಡಿದರೆಂಬ ಲೆಕ್ಕವನ್ನು ಹೇಳುತ್ತಾರೆ. ಎರಡು ಲೆಕ್ಕಗಳನ್ನೂ ಬದಿಗಿರಿಸಿ, ಒಂದು ಕಾವ್ಯವನ್ನು ಓದುವಾಗ ಅದರ ಗರ್ಭದಲ್ಲಿ ಯಾವ ದರ್ಶನವಿದೆಯೆಂದು ಹೇಗೆ ವಿಚಾರಿಸುತ್ತೇವೆಯೋ ಹಾಗೆ ಈ ಜೋಳಿಗೆಯನ್ನು ವಿಚಾರಿಸಬೇಕೆಂಬುದು ನನ್ನ ಬಹುದಿನದ ಆಶೆ.

ಆ ವಿಚಾರಕ್ಕೆ ನನಗೆ ನೆರವಾದವನು ಯೆಹೂದ್ಯ ಗುರುವೊಬ್ಬನು. ನಮ್ಮ ಬಾಗಲಕೋಟೆ ಸೀಮೆಗೂ ಯೆಹೂದ್ಯ ಧರ್ಮಕ್ಕೂ ಏನು ಸಂಬಂಧವೆಂದು ಕೇಳಿದರೆ, ಏನೂ ಇಲ್ಲವೆಂದೇ ಹೇಳಬೇಕು. ಆದರೆ ನಿತ್ಯವೂ ಕಂಡು ಕಣ್ಣು ಸವೆದ ವಸ್ತುವನ್ನು ಹೊಸತಾಗಿ ಕಾಣಲು ಪರಸ್ಥಳದವನ ದೀಪವು ಕೆಲವು ಸಲ ಬೇಕಾಗುತ್ತದೆ. ಯುಕ್ರೇನಿನ ಬ್ರೆಸ್ಲೊವ್ ಎಂಬ ಊರಿನಲ್ಲಿ ಬೋಧಿಸಿದ ರಬ್ಬಿ ನಖ್ಮಾನನು (1772–1810) ತನ್ನ ಒಂದು ಪ್ರಸಿದ್ಧ ಉಪದೇಶದಲ್ಲಿ ಹೇಳುವುದರ ಸಾರವಿಷ್ಟು: ಎಂತಹ ದುಷ್ಟನಲ್ಲಿಯೂ ಹುಡುಕಿದರೆ ಎಳ್ಳಷ್ಟಾದರೂ ಒಳ್ಳೆಯದು ಇದ್ದೇ ಇರುತ್ತದೆ, ಆ ಬಿಂದುವನ್ನು ನೀನು ಕಂಡು ಅವನನ್ನು ಪುಣ್ಯದ ತಕ್ಕಡಿಯಲ್ಲಿ ತೂಗಿದೆಯಾದರೆ, ಆ ಕಾಣ್ಕೆಯ ಬಲದಿಂದಲೇ ಅವನು ನಿಜವಾಗಿ ಮೇಲೇಳುತ್ತಾನೆ, ಇತರರಲ್ಲಿ ಹುಡುಕಿದಂತೆ ನಿನ್ನಲ್ಲಿಯೂ ಹುಡುಕು, ಇಲ್ಲವಾದರೆ ವಿಷಾದದಲ್ಲಿ ಮುಳುಗುವೆ. ಚದುರಿದ ಈ ಬಿಂದುಗಳನ್ನು ಸ್ವರಗಳಂತೆ ಕೂಡಿಸುತ್ತ ಹೋದರೆ ಒಂದು ರಾಗವಾಗುತ್ತದೆಂದೂ ಆತನು ಹೇಳುತ್ತಾನೆ.

ಈ ಬೆಳಕಿನಲ್ಲಿ ಜೋಳಿಗೆಯನ್ನು ನೋಡಿರಿ. ಕುಡುಕನ ಬಾಗಿಲಿಗೆ ಬೈಯಲು ಬಂದವರು ಬಹುಮಂದಿ, ಸಾಲ ವಸೂಲಿಗೆ ಬಂದವರು ಇನ್ನೂ ಬಹುಮಂದಿ. ಆದರೆ ಬೇಡಲು ಬಂದವರು ಯಾರು? ಕೊಡಲು ಏನೂ ಇಲ್ಲದವನೆಂದು ಊರೆಲ್ಲವೂ ನಿಶ್ಚಯಿಸಿದ ಮನುಷ್ಯನ ಮುಂದೆ ಮಠಾಧಿಪತಿಯೊಬ್ಬನು ಸೆರಗೊಡ್ಡುವಂತೆ ಜೋಳಿಗೆಯನ್ನೊಡ್ಡಿ ನಿಂತಾಗ, ಆ ಮನುಷ್ಯನು ಒಂದು ಕ್ಷಣದ ಮಟ್ಟಿಗೆ ದಾನಿಯಾಗುತ್ತಾನೆ. ಬೇಡಿದ್ದು ಅವನ ಕೆಟ್ಟತನವನ್ನೇ ಆದರೂ, ಬೇಡುವುದಕ್ಕೆ ಆಧಾರವಾದದ್ದು ಕೊಡಬಲ್ಲವನೆಂಬ ನಂಬಿಕೆ. ನಖ್ಮಾನನು ಬಿಂದುವನ್ನು ಬೋಧೆಯಲ್ಲಿ ತೋರಿಸಿದನು. ಇಳಕಲ್ಲಿನ ಅಪ್ಪಗಳು ಅದನ್ನು ಬಾಯಿಬಿಟ್ಟು ಹೆಸರಿಸದೆ, ಬರಿಯ ಒಂದು ಬಟ್ಟೆಯ ಚೀಲವನ್ನು ಚಾಚಿದ ಭಂಗಿಯಲ್ಲಿಯೇ ಸೂಚಿಸಿದರು. ಈ ಆಚರಣೆಯ ಪ್ರತಿಭೆಯಿರುವುದು ಆ ಭಂಗಿಯಲ್ಲಿ.

ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಿ ಸಂತೋಷಪಡುವುದು ಸೋಮಾರಿ ವಿಮರ್ಶೆಯಾದೀತು; ಮದ್ಯದ ವಿಷಯದಲ್ಲಿ ಆ ಧರ್ಮದ ದಾರಿಯೇ ಬೇರೆ. 16ನೆಯ ಶತಮಾನದಲ್ಲಿ ಸಫೇದ್ ಪಟ್ಟಣದ ಯೆಹೂದ್ಯ ಅನುಭಾವಿ ಇಸಾಕ್ ಲೂರಿಯಾ ಬೋಧಿಸಿದ ಸೃಷ್ಟಿಕಥೆಯಂತೆ, ದಿವ್ಯತೇಜಸ್ಸನ್ನು ತಾಳಲಾರದೆ ಆದಿಪಾತ್ರೆಗಳು ಒಡೆದುಹೋಗಿ, ಆ ತೇಜಸ್ಸಿನ ಕಿಡಿಗಳು ಜಗತ್ತಿನ ಸಮಸ್ತ ಜಡವಸ್ತುಗಳಲ್ಲಿ ಹುದುಗಿಕೊಂಡವು. ಅವುಗಳನ್ನೆತ್ತುವುದೇ ಮನುಷ್ಯನ ಕೆಲಸ. 18ನೆಯ ಶತಮಾನದ ಬಾಲ್ ಶೆಮ್ ತೊವ್ ಮತ್ತು ಹಸೀದರೆಂಬ ಆತನ ಅನುಯಾಯಿಗಳು ಈ ಗಹನವಾದ ಕಥೆಯನ್ನು ಅಡುಗೆಮನೆಗೂ ಸಂತೆಗೂ ತಂದು, ಉಣ್ಣುವುದು, ಉಡುವುದು, ಮಾರುವುದು ಎಲ್ಲವೂ ಸದ್ಭಾವದಿಂದ ನಡೆದರೆ ಕಿಡಿಯನ್ನೆತ್ತುವ ಪೂಜೆಯೇ ಎಂದರು. ದಿನಕ್ಕೆ ನೂರು ಸಲ ದೇವರನ್ನು ಸ್ಮರಿಸಿ ಹರಸಬೇಕೆಂಬ ವಿಧಿ ಆ ಧರ್ಮದಲ್ಲಿ ಮೊದಲಿನಿಂದಲೂ ಇದ್ದಿತು. ಮರದ ಹಣ್ಣಿಗೊಂದು, ನೆಲದ ಕಾಯಿಪಲ್ಲೆಗೊಂದು, ಬಹಿರ್ದೆಸೆಗೆ ಹೋಗಿ ಬಂದದ್ದಕ್ಕೂ ಒಂದು. (ಬಾದಾಮಿಯ ಬನಶಂಕರಿಗೆ ನೂರೆಂಟು ಬಗೆಯ ಪಲ್ಲೆಗಳನ್ನು ನೈವೇದ್ಯ ಮಾಡುವ ನಮ್ಮ ತಾಯಂದಿರು ಈ ವಿಧಿಯನ್ನು ಕೇಳಿದರೆ ಬೆರಗಾಗಲಾರರು.) ಹೀಗೆ ಸರ್ವತ್ರವೂ ಕಿಡಿಯಿದ್ದ ಮೇಲೆ, ದ್ರಾಕ್ಷಾರಸದಲ್ಲಿಯೂ ಅದು ಇರಲೇಬೇಕಷ್ಟೆ? ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಸಂಜೆ ಯೆಹೂದ್ಯ ಗೃಹಸ್ಥನು ಪಾತ್ರೆಯನ್ನೆತ್ತಿ ದಿನವನ್ನು ಪವಿತ್ರಗೊಳಿಸುವುದು ದ್ರಾಕ್ಷಾರಸದಿಂದಲೇ. ಅಷ್ಟೇ ಅಲ್ಲ, ಮದ್ಯವನ್ನು ವರ್ಜಿಸುವ ವ್ರತ ತೊಟ್ಟವನು ಪಾಪಪರಿಹಾರದ ಬಲಿಯನ್ನು ಏಕೆ ಕೊಡಬೇಕೆಂಬ ಪ್ರಶ್ನೆಗೆ, ದೇವರು ಅನುಮತಿಸಿದ ಸುಖವನ್ನು ತನಗೆ ತಾನೇ ನಿರಾಕರಿಸಿಕೊಂಡದ್ದಕ್ಕಾಗಿ ಎಂದು ಅವರ ಧರ್ಮಗ್ರಂಥವಾದ ತಾಲ್ಮೂದಿನ ಒಬ್ಬ ರಬ್ಬಿಯು ಉತ್ತರಿಸಿದ್ದಾನೆ. ಆ ರಬ್ಬಿಯ ಮುಂದೆ ನಮ್ಮ ಜೋಳಿಗೆಯನ್ನಿಟ್ಟರೆ ಅವನು ಹುಬ್ಬು ಗಂಟಿಕ್ಕಿಯಾನು.

ಇಲ್ಲಿ ನನ್ನ ತೀರ್ಪು ಜೋಳಿಗೆಯ ಪಕ್ಷವೇ. ಸಬ್ಬತ್ತಿನ ಪಾತ್ರೆಯು ಹೆಂಡತಿಮಕ್ಕಳ ಮಧ್ಯದಲ್ಲಿ, ರೊಟ್ಟಿಯ ಪಕ್ಕದಲ್ಲಿ ಎತ್ತಲ್ಪಡುವಂಥದು. ನಮ್ಮ ಓಣಿಗಳ ಬಾಟಲಿಯು ಅವರಿಗೆ ಬೆನ್ನು ತಿರುಗಿಸಿ, ಅವರ ರೊಟ್ಟಿಯನ್ನು ಒತ್ತೆಯಿಟ್ಟು ಎತ್ತಲ್ಪಡುವಂಥದು. ವಸ್ತುವಿನಲ್ಲಿ ಕಿಡಿಯಿರಬಹುದು; ಆದರೆ ಮನೆಯೇ ಹೊತ್ತಿ ಉರಿಯುತ್ತಿರುವಾಗ ಕಿಡಿಯ ತತ್ತ್ವವನ್ನು ಬೋಧಿಸುವುದು ವಿವೇಕವಲ್ಲ.

ಜೋಳಿಗೆಯ ನಿಜವಾದ ನ್ಯೂನತೆ ಬೇರೊಂದೆಡೆಯಲ್ಲಿದೆ. ಹೀಬ್ರೂ ಭಾಷೆಯ ‘ಅವೋದಾ’ ಎಂಬ ಒಂದೇ ಶಬ್ದವು ದುಡಿಮೆಯನ್ನೂ ಆರಾಧನೆಯನ್ನೂ ಹೇಳುತ್ತದೆ. ನಮ್ಮ ಸೀಮೆಯ ಹುನಗುಂದ ತಾಲ್ಲೂಕಿನಲ್ಲಿ, ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರ ಪರಂಪರೆಯ ‘ಕಾಯಕ’ವೂ ಅಂಥದೇ. ಆದರೆ ಯೆಹೂದ್ಯರು ದುಡಿಮೆಗೆ ಒಂದು ಎಲ್ಲೆಯನ್ನೂ ಕಟ್ಟಿದರು. ಸಬ್ಬತ್ತಿನಂದು ನಿಷಿದ್ಧವಾದ 39 ಕೆಲಸಗಳ ಪಟ್ಟಿಯು ಮಿಶ್ನಾ ಎಂಬ ಅವರ ಶಾಸ್ತ್ರಗ್ರಂಥದಲ್ಲಿದೆ: ಉಣ್ಣೆಯನ್ನು ಕತ್ತರಿಸುವುದು, ಬಣ್ಣ ಹಾಕುವುದು, ನೂಲುವುದು, ಹಾಸು ಹೂಡುವುದು, ಎಳೆ ಪೋಣಿಸಲು ಕಣ್ಣು ಕಟ್ಟುವುದು, ಎರಡು ಎಳೆ ನೇಯುವುದು, ಗಂಟು ಹಾಕುವುದು, ಬಿಚ್ಚುವುದು. ಇಳಕಲ್ಲಿನ ನೇಕಾರನೊಬ್ಬನು ಇದನ್ನು ಓದಿದರೆ ತನ್ನ ದಿನಚರಿಯನ್ನೇ ಯಾರೋ ಬರೆದಿಟ್ಟಿದ್ದಾರೆಂದು ಭಾವಿಸಿಯಾನು. ಕುಣಿಮಗ್ಗದ ತಗ್ಗಿನಲ್ಲಿ ಕಾಲಿಳಿಸಿ ಕೂತು, ಹತ್ತಿಯ ಮೈಹಾಸಿಗೂ ಸೆರಗಿನ ಕೆಂಪು ರೇಷ್ಮೆಯ ಹಾಸಿಗೂ ಎಳೆಗೆ ಎಳೆಯನ್ನು ಕೊಂಡಿ ಹಾಕಿ ಜೋಡಿಸಿ, ತೋಪುತೆನೆಯ ಸೆರಗನ್ನು ನೇಯುವ ಆ ಕೈಗಳಿಗೆ, ಇಂದು ಲಾಳಿಯನ್ನು ಮುಟ್ಟಲಾಗದೆಂದು ದೇವರ ಹೆಸರಿನಲ್ಲಿ ಹೇಳುವ ದಿನವೊಂದುಂಟೆ? ನೇಯ್ದ ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಕೂತಷ್ಟೇ ಗಳಿಕೆ. ಸೊಂಟ ಸೋತ ಸಂಜೆಗೆ ಅಗ್ಗವಾಗಿ ದೊರೆಯುವ ವಿಶ್ರಾಂತಿ ಬಾಟಲಿಯೊಂದೇ. ಜೋಳಿಗೆಯು ಆ ಸಂಜೆಯಿಂದ ಬಾಟಲಿಯನ್ನು ತೆಗೆದುಕೊಂಡಿತು, ಆದರೆ ಬರಿದಾದ ಸಂಜೆಗೆ ಏನನ್ನು ತುಂಬಿತು? ಮಠದ ಪ್ರಸಾದ, ಭಜನೆ, ಬಸವಪುರಾಣಗಳು ಕೆಲವರಿಗೆ ಒದಗಿರಬಹುದು. ವಾರದ ಒಂದು ಹಗಲನ್ನೂ ಒಂದು ರಾತ್ರಿಯನ್ನೂ ಊಟ, ಹಾಡು, ನಿದ್ರೆಗಳಿಂದ ತುಂಬಿದ ಸಬ್ಬತ್ತಿನಂತಹ ವ್ಯವಸ್ಥೆಯನ್ನು ಮಾತ್ರ ನಾವು ಕಟ್ಟಲಿಲ್ಲ.

ಯೆಹೂದ್ಯರ ಕಡೆಯಿಂದ ನಾವು ಕಲಿಯಬಹುದಾದ ಇನ್ನೊಂದು ಎಚ್ಚರಿಕೆಯೂ ಉಂಟು. ಯೆಹೂದ್ಯ ದಾರ್ಶನಿಕ ಮಾರ್ಟಿನ್ ಬೂಬರನು ಹಸೀದರ ಕಥೆಗಳನ್ನು ಜಗತ್ತಿಗೆಲ್ಲ ಪ್ರಿಯವಾಗುವಂತೆ ಹೇಳಿದನು. ಗೆರ್ಶೋಮ್ ಶೋಲೆಮನೆಂಬ ಮಹಾವಿದ್ವಾಂಸನು ಆತನನ್ನು ಆಕ್ಷೇಪಿಸಿ, ಅವರ ಶಾಸ್ತ್ರವನ್ನೂ ನಿಷ್ಠುರ ತತ್ತ್ವವನ್ನೂ ಬಿಟ್ಟು ಕಥೆಯ ಸಿಹಿಯನ್ನಷ್ಟೇ ಆಯ್ದುಕೊಂಡಿರೆಂದನು. ಬೂಬರನ ‘ನಾನು ಮತ್ತು ನೀನು’ ಎಂಬ ಗ್ರಂಥವು ಪ್ರಕಟವಾದ 1923ರಲ್ಲಿಯೇ ನಮ್ಮಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವೂ ಹೊರಬಂದಿತು, ಆ ಮಹನೀಯರು ತಾಳೆಗರಿಗಳಿಂದ ಎತ್ತಿಕೊಟ್ಟ ಶರಣರ ಮಾತು ಇಂದು ಕಚೇರಿಯ ಗೋಡೆಗಳ ಮೇಲಣ ಫಲಕಗಳಿಗೆ ಇಳಿದಿರುವುದನ್ನು ಕಂಡಾಗ ಶೋಲೆಮನ ಆಕ್ಷೇಪವು ನೆನಪಾಗದಿರದು. ಆಯ್ದು ತಂದ ಅಕ್ಕಿಯು ಹೆಚ್ಚಾಯಿತೆಂದು ಗಂಡನನ್ನು ಹಿಂದಿರುಗಿಸಿ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ನಿಷ್ಠುರತೆ ಆ ಫಲಕಗಳಲ್ಲಿಲ್ಲ.

ಜೋಳಿಗೆಗೂ ಇಂಥದೇ ಗತಿ ಬರುತ್ತಿದೆಯೋ ಎಂಬ ಅಂಜಿಕೆ ನನಗಿದೆ. ಮಹಾಂತ ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. 2007ರಲ್ಲಿ ಸಾರಾಯಿಯನ್ನು ನಿಷೇಧಿಸಿದ ಸರಕಾರವೇ ಉಳಿದ ಮದ್ಯದ ವರಮಾನಕ್ಕೆ ವರ್ಷವರ್ಷವೂ ಗುರಿಯನ್ನು ಗೊತ್ತುಪಡಿಸುತ್ತ, ಆ ಒಂದು ದಿನ ಮಾತ್ರ ಮಕ್ಕಳಿಂದ ಪ್ರತಿಜ್ಞೆ ಮಾಡಿಸುವುದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದು. ಸಾವಿರ ಜನ ಒಮ್ಮೆಲೇ ಕೈ ಮುಂದೆ ಚಾಚಿ ನುಡಿಯುವ ಪ್ರತಿಜ್ಞೆಯಲ್ಲಿ ಬೇಡುವವನೂ ಇಲ್ಲ, ಕೊಡುವವನೂ ಇಲ್ಲ, ಹೊಸ್ತಿಲೇ ಇಲ್ಲ. 12ನೆಯ ಶತಮಾನದ ಯೆಹೂದ್ಯ ಧರ್ಮಶಾಸ್ತ್ರಜ್ಞ ಮೈಮೊನಿದೀಸನು ಪಶ್ಚಾತ್ತಾಪದ ಪೂರ್ಣತೆಗೆ ಒಂದು ಕಠಿಣ ಲಕ್ಷಣವನ್ನು ಹೇಳಿದ್ದಾನೆ: ಅದೇ ಪಾಪವು ಅದೇ ಅನುಕೂಲದೊಡನೆ ಮತ್ತೆ ಕೈಗೆಟುಕುವಂತೆ ಬಂದಾಗ, ಅಂಜಿಕೆಯಿಂದಲೂ ಅಲ್ಲ, ಅಶಕ್ತಿಯಿಂದಲೂ ಅಲ್ಲ, ಮನಃಪೂರ್ವಕವಾಗಿ ಅದನ್ನು ಬಿಟ್ಟವನೇ ಪೂರ್ತಿ ತಿರುಗಿದವನು. ಆ ಪರೀಕ್ಷೆಯು ನಡೆಯುವುದು ಅದೇ ಅಂಗಡಿಯ ಮುಂದೆ, ಅದೇ ಮುಸ್ಸಂಜೆಯಲ್ಲಿ, ವೇದಿಕೆಯ ಮೇಲಲ್ಲ.

ಆದುದರಿಂದ ಆಗಸ್ಟ್ 1ರ ಸಭೆಗೆ ಹೋಗುವ ಹಿರಿಯರಲ್ಲಿ ನನ್ನದೊಂದು ಬಿನ್ನಹ: ಮಾಲೆ, ಭಾಷಣಗಳನ್ನು ಮುಗಿಸಿಕೊಂಡು, 2ನೆಯ ತಾರೀಖಿನ ಸಂಜೆ ದೀಪ ಹಚ್ಚುವ ಹೊತ್ತಿಗೆ, ಪ್ರತಿಜ್ಞೆ ಮಾಡಿದವರ ಪೈಕಿ ಒಬ್ಬನ ಮನೆಗಾದರೂ ನಡೆದುಹೋಗಿ, ಅವನು ಕರೆದರೆ ಒಳಗೆ ಕೂತು ಒಂದು ರೊಟ್ಟಿ ಉಂಡು ಬನ್ನಿರಿ.